ಸಮ್ಮುಖದ ಋಣ

ವ್ಯವಹಾರದಲ್ಲಿ ಒಬ್ಬನು ಇನ್ನೊಬ್ಬನಿಗೆ ಸಲ್ಲಿಸಬೇಕಾದುದು ಸರಕು, ಹಣ ಮತ್ತು ಕೊಟ್ಟ ಮಾತು ಎಂದು ಸಾಮಾನ್ಯವಾಗಿ ಎಣಿಸುವುದುಂಟು. ಸರಕು ಸರಿಯಾಗಿ ತಲಪಿ, ಹಣವು ಕಾಲಕ್ಕೆ ಸಂದು, ಆಡಿದ ಮಾತು ನಡೆದರೆ ಋಣವು ತೀರಿತೆಂದು ಲೋಕವು ತಿಳಿಯುತ್ತದೆ. ಇವುಗಳಲ್ಲದೆ ಬೇರೊಂದು ಋಣವೂ ಉಂಟೆ? ಎದುರಿಗೆ ಬಂದು ಕುಳಿತು, ಮುಖವನ್ನು ತೋರಿಸಿ, ಮುಖವನ್ನು ನೋಡಿ ಮಾತನಾಡುವುದು ಬರಿಯ ಸೌಕರ್ಯದ ವಿಷಯವೆ, ಅಥವಾ ಮನುಷ್ಯನು ಮನುಷ್ಯನಿಗೆ ಸಲ್ಲಿಸಬೇಕಾದ ಬಾಕಿಯೆ? ಹಿಂದಿನವರಿಗೆ ಈ ಪ್ರಶ್ನೆಯು ಇಷ್ಟು ತೀಕ್ಷ್ಣವಾಗಿ ಏಳಲಿಲ್ಲ. ಕಾಗದದಲ್ಲಿಯೋ ಟೆಲಿಫೋನಿನಲ್ಲಿಯೋ ಮುಗಿಯದ ಮಾತಿಗೆ ಎದ್ದು ಹೋಗಲೇಬೇಕಾಗಿತ್ತು.

2020ನೆಯ ಇಸವಿ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿ ಕುಳಿತಾಗ ಬೆಂಗಳೂರಿನ ದಕ್ಷಿಣಭಾಗದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಊಟದ ಮೇಜುಗಳೇ ಕಚೇರಿಗಳಾದವು. ಕಂಪ್ಯೂಟರಿನ ಪರದೆಯ ಮೇಲೆ ಚೌಕ ಚೌಕವಾಗಿ ಮುಖಗಳು ಮೂಡಿ ಸಭೆಗಳು ಜರುಗಿದವು. ರೋಗದ ಭೀತಿಯು ತೊಲಗಿತು. ಪರದೆಯ ಸಭೆಯು ಉಳಿಯಿತು. ಅಂದು ಅದು ಅನಿವಾರ್ಯವಾಗಿದ್ದುದರಿಂದ ಅದರ ಯುಕ್ತಾಯುಕ್ತತೆಯನ್ನು ಕೇಳುವಂತಿರಲಿಲ್ಲ. ಇಂದು ಎದುರು ಕುಳಿತು ಮಾತನಾಡುವ ಹಾದಿಯೂ ತೆರೆದಿದೆ, ಪರದೆಯ ಹಾದಿಯೂ ತೆರೆದಿದೆ. ಯಾವುದನ್ನು ಆರಿಸಿದರೂ ಆರಿಸಿದವನ ಮೇಲೆ ಹೊಣೆ ಬೀಳುತ್ತದೆ.

ಬನಶಂಕರಿಯಲ್ಲಿ ಸಣ್ಣದೊಂದು ಮುದ್ರಣಾಲಯವನ್ನಿಟ್ಟುಕೊಂಡ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪೆನಿಗೆ ಅವನು ವರ್ಷಾನುಗಟ್ಟಲೆ ಪೆಟ್ಟಿಗೆಗಳನ್ನೂ ಕೈಪಿಡಿಗಳನ್ನೂ ಅಚ್ಚುಮಾಡಿ ಕೊಡುತ್ತಿದ್ದಾನೆ. ಹಿಂದೆ ಪ್ರತಿ ಆರ್ಡರಿಗೂ ಅವನೇ ಹೋಗಬೇಕಾಗಿತ್ತು. ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ಬಸ್ಸು ನಿಂತಲ್ಲಿಯೇ ನಿಲ್ಲುತ್ತಿತ್ತು. ಹೋದಮೇಲೆ ಅತಿಥಿಗಳ ಕೋಣೆಯಲ್ಲಿ ಕಾಯಬೇಕಾಗುತ್ತಿತ್ತು. ಒಳಗೆ ಹದಿನೈದು ನಿಮಿಷದ ಮಾತು. ಮರಳಿ ಬರುವುದರೊಳಗೆ ಅರ್ಧ ದಿನ ಕಳೆಯುತ್ತಿತ್ತು. ಯಂತ್ರವು ಅಷ್ಟು ಹೊತ್ತು ಸುಮ್ಮನೆ ನಿಂತಿರುತ್ತಿತ್ತು. ಇಂದು ಅದೇ ಮಾತು ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಮುಗಿಯುತ್ತದೆ. ಆದುದರಿಂದ ಪರದೆಯ ಸಭೆಯನ್ನು ಹಳಿಯುವವರು ಮೊದಲು ಒಂದು ವಿಷಯವನ್ನು ವಿಚಾರಿಸಬೇಕು: ಮುಖಾಮುಖಿ ಭೇಟಿಯೆಂದು ಯಾವುದನ್ನು ಹೊಗಳುತ್ತಾರೋ ಅದರಲ್ಲಿ ಯಾರ ಕಾಲು ಸವೆಯುತ್ತಿತ್ತು? ಕೊಳ್ಳುವವನ ಮೆಟ್ಟಿಲನ್ನು ಮಾರುವವನು ಹತ್ತಿದನು. ಬ್ಯಾಂಕಿನ ಮೆಟ್ಟಿಲನ್ನು ಸಾಲಗಾರನು ಹತ್ತಿದನು. ಬಲವುಳ್ಳವನು ಕುಳಿತಲ್ಲಿಯೇ ಕುಳಿತಿದ್ದನು. ಆ ಭೇಟಿಯ ಬೆಲೆಯನ್ನು ಬಹುಮಟ್ಟಿಗೆ ತೆತ್ತವನು ದುರ್ಬಲನೇ.

ಸಭೆಯು ಎಷ್ಟೇ ಒಳ್ಳೆಯದಾದರೂ ಅದು ಕಾಯಕದ ಹೊತ್ತನ್ನು ನುಂಗಬಹುದೆಂಬುದು ಶರಣರಿಗೆ ತಿಳಿಯದ ಸಂಗತಿಯಲ್ಲ. ಕಲ್ಯಾಣದ ಶರಣಗೋಷ್ಠಿಯಲ್ಲಿ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿದ್ದ ಆಯ್ದಕ್ಕಿ ಮಾರಯ್ಯನಿಗೆ ಕಾಯಕವು ನಿಂತುಹೋದುದನ್ನು ನೆನಪಿಸಿದವಳು ಅವನ ಧರ್ಮಪತ್ನಿ ಲಕ್ಕಮ್ಮ. ಆ ಗೋಷ್ಠಿಯೇನು ಹರಟೆಯಾಗಿರಲಿಲ್ಲ. ಅಂಥದರಿಂದಲೂ ಎದ್ದು ಹೋಗಬೇಕೆಂದು ಹೇಳುವ ಎದೆಗಾರಿಕೆ ಆ ತಾಯಿಗಿತ್ತು. ಇಂದು ದಿನಕ್ಕೆ ಐದು ಆರು ಸಭೆಗಳನ್ನು ಪರದೆಯ ಮೇಲೆ ಒಂದರ ಬೆನ್ನಿಗೊಂದು ಪೋಣಿಸಿಟ್ಟು, ಕೆಲಸವನ್ನು ರಾತ್ರಿಗೆ ತಳ್ಳುವವರ ಮನೆಗಳಲ್ಲಿ ಲಕ್ಕಮ್ಮನಂಥವರು ಇದ್ದರೆ ಒಳಿತು. ಪ್ರಯಾಣದ ಶ್ರಮವು ಸಭೆಗಳಿಗೆ ತಾನಾಗಿಯೇ ಒಂದು ಮಿತಿಯನ್ನು ಹಾಕುತ್ತಿತ್ತು. ಆ ಮಿತಿಯು ಹೋಯಿತು.

ಆದರೆ ಪರದೆಯ ಸಭೆಯಲ್ಲಿ ಕಳೆದುಹೋಗುವುದೇನೆಂಬುದನ್ನೂ ನೋಡಬೇಕು. ಕ್ಯಾಮರಾವು ಪರದೆಯ ಮೇಲಂಚಿನಲ್ಲಿರುತ್ತದೆ. ಎದುರಿನವನ ಮುಖವು ಪರದೆಯ ನಡುವೆ ಇರುತ್ತದೆ. ಮುಖವನ್ನು ನೋಡಿದರೆ, ನೋಡುವವನು ಕಣ್ಣು ತಗ್ಗಿಸಿದಂತೆ ಎದುರಿನವನಿಗೆ ತೋರುತ್ತದೆ. ಕ್ಯಾಮರಾವನ್ನು ನೋಡಿದರೆ ಕಣ್ಣಿಗೆ ಕಣ್ಣು ಕೊಟ್ಟಂತೆ ತೋರುತ್ತದೆ. ಆದರೆ ಆಗ ಅವನ ಮುಖವು ಇವನಿಗೆ ಕಾಣುವುದಿಲ್ಲ. ನೋಡುತ್ತಿರುವಂತೆ ತೋರಬೇಕಾದರೆ ನೋಡುವುದನ್ನು ಬಿಡಬೇಕು! ಈ ವಿಚಿತ್ರವು ಯಾರ ಕಪಟದಿಂದಲೂ ಬಂದುದಲ್ಲ, ಯಂತ್ರದ ರಚನೆಯಿಂದ ಬಂದುದು. ಆದರೆ ಅದು ಮನುಷ್ಯನಿಗೆ ಒಂದು ಕೆಟ್ಟ ಅಭ್ಯಾಸವನ್ನು ಕಲಿಸಬಲ್ಲದು. ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನು ನಿಲಿಸಿ ಕುಳಿತುಕೊಳ್ಳುವ ಮನೆತನದವರಿಗೆ, ದೃಷ್ಟಿ ನಿಲ್ಲುವುದಕ್ಕೂ ನಿಂತಂತೆ ತೋರುವುದಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಮರಾವನ್ನೇ ಮುಚ್ಚಿದರಂತೂ ಚೌಕದಲ್ಲಿ ಹೆಸರಿನ ಎರಡಕ್ಷರಗಳು ಮಾತ್ರ ಉಳಿಯುತ್ತವೆ. ಆ ಅಕ್ಷರಗಳ ಹಿಂದೆ ಕುಳಿತವನು ಕೇಳುತ್ತಿರಬಹುದು, ಅಡಿಗೆಮನೆಗೆ ಹೋಗಿರಬಹುದು, ಇನ್ನೊಂದು ಸಭೆಯಲ್ಲಿ ಮಾತನಾಡುತ್ತಿರಬಹುದು. ಹಾಜರಿಯ ಪಟ್ಟಿಯಲ್ಲಿ ಎಲ್ಲವೂ ಒಂದೇ. ಪರದೆಯ ಚೌಕಗಳೆಲ್ಲ ಒಂದೇ ಅಳತೆಯವು, ಅಲ್ಲಿ ತಲೆಯ ಕಡೆಯ ಕುರ್ಚಿ ಎಂಬುದಿಲ್ಲ, ಆದುದರಿಂದ ಅದು ಸಮಾನತೆಯ ಸಭೆ ಎಂದು ಕೆಲವರು ವಾದಿಸುತ್ತಾರೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಸಭೆ ಕರೆದವನ ಬೆರಳ ತುದಿಯಲ್ಲಿ ಇನ್ನೊಬ್ಬನ ಧ್ವನಿಯನ್ನು ಮುಚ್ಚುವ ಗುಂಡಿಯೂ ಇದೆ. ಕೋಣೆಯಲ್ಲಿ ಒಬ್ಬನ ಬಾಯಿ ಮುಚ್ಚಿಸಬೇಕಾದರೆ ಹತ್ತು ಜನರ ಕಣ್ಣೆದುರು ಮುಚ್ಚಿಸಬೇಕು. ಅದಕ್ಕೆ ನಾಚಿಕೆಯು ಅಡ್ಡಬರುತ್ತದೆ.

ಕಾನೂನು ಈ ವಿಷಯದಲ್ಲಿ ನಡೆದುಬಂದ ದಾರಿಯು ಗಮನಾರ್ಹವಾಗಿದೆ. 2013ರ ಕಂಪೆನಿಗಳ ಅಧಿನಿಯಮವು ನಿರ್ದೇಶಕರು ವೀಡಿಯೊ ಮೂಲಕ ಸಭೆಯಲ್ಲಿ ಭಾಗವಹಿಸಬಹುದೆಂದು ಒಪ್ಪಿತು. ಆದರೆ 2014ರ ನಿಯಮಗಳು ವಾರ್ಷಿಕ ಲೆಕ್ಕಪತ್ರಗಳಿಗೆ ಒಪ್ಪಿಗೆ, ಕಂಪೆನಿಗಳ ವಿಲೀನ ಮುಂತಾದ ಕೆಲವು ಗುರುತರ ವಿಷಯಗಳನ್ನು ಹಾಗೆ ತೀರ್ಮಾನಿಸಬಾರದೆಂದು ತಡೆದಿದ್ದವು. ರೋಗದ ಕಾಲದಲ್ಲಿ ಈ ತಡೆಯನ್ನು ತಾತ್ಕಾಲಿಕವಾಗಿ ಸಡಿಲಿಸಿ, 2021ರ ಜೂನ್ 15ರಂದು ಅದನ್ನು ನಿಯಮಗಳಿಂದಲೇ ತೆಗೆದುಹಾಕಲಾಯಿತು. ಆದರೂ ಒಂದು ಕಟ್ಟಳೆ ಉಳಿದಿದೆ. ವೀಡಿಯೊ ಮೂಲಕ ಸೇರುವ ನಿರ್ದೇಶಕನು ಸಭೆಯ ಆರಂಭದಲ್ಲಿ ತನ್ನ ಹೆಸರನ್ನೂ, ತಾನಿರುವ ಸ್ಥಳವನ್ನೂ, ತನ್ನ ಬಳಿ ಬೇರಾರೂ ಕುಳಿತು ಸಭೆಯನ್ನು ಕೇಳುತ್ತಿಲ್ಲವೆಂಬುದನ್ನೂ ಬಾಯಿಬಿಟ್ಟು ಹೇಳಬೇಕು. ಕೋಣೆಯಲ್ಲಿ ಕುಳಿತವನಿಗೆ ಇಂಥ ಮಾತಿನ ಅಗತ್ಯವೇ ಇಲ್ಲ. ಪರದೆಯ ಮೇಲೆ ಮನುಷ್ಯನು ಇರುವಿಕೆಗೂ ಮಾತಿನಿಂದಲೇ ಸಾಕ್ಷಿ ಕೊಡಬೇಕಾಗಿದೆ, ಮತ್ತು ಆ ಸಾಕ್ಷಿಯ ಸತ್ಯವನ್ನು ಬಲ್ಲವನು ಅವನೊಬ್ಬನೇ.

ಆಲೋಚನೆಯ ಮೇಲೆ ಪರದೆಯ ಪರಿಣಾಮವೇನೆಂಬುದನ್ನು ವಿದ್ವಾಂಸರೂ ಪರೀಕ್ಷಿಸಿದ್ದಾರೆ. ಮೆಲನಿ ಬ್ರಕ್ಸ್ ಮತ್ತು ಜೊನಾಥನ್ ಲೆವಾವ್ ಎಂಬವರು 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇಬ್ಬರು ಒಂದೇ ಕೋಣೆಯಲ್ಲಿ ಕುಳಿತಾಗ ಹುಟ್ಟುವಷ್ಟು ಹೊಸ ಕಲ್ಪನೆಗಳು ವೀಡಿಯೊ ಮೂಲಕ ಮಾತನಾಡುವಾಗ ಹುಟ್ಟುವುದಿಲ್ಲ. ಆದರೆ ಇರುವ ಕಲ್ಪನೆಗಳಲ್ಲಿ ಒಳ್ಳೆಯದನ್ನು ಆರಿಸುವ ಕೆಲಸಕ್ಕೆ ಪರದೆಯಿಂದ ಹಾನಿಯು ಕಂಡುಬರಲಿಲ್ಲ. ಪರದೆಯಲ್ಲಿ ಕಣ್ಣು ಒಂದೇ ಕಡೆ ನೆಟ್ಟಿರುವುದರಿಂದ ಮನಸ್ಸೂ ಅಷ್ಟರಲ್ಲಿಯೇ ಸುತ್ತುತ್ತದೆಂದು ಅವರ ಅಭಿಪ್ರಾಯ. ಮುದ್ರಣಾಲಯದವನಿಗೆ ಇದು ಬೇರೆ ರೀತಿಯಲ್ಲಿ ಗೊತ್ತಿದೆ. ದರ, ಸಂಖ್ಯೆ, ದಿನಾಂಕಗಳು ಪರದೆಯ ಮೇಲೆ ಸುಗಮವಾಗಿ ತೀರ್ಮಾನವಾಗುತ್ತವೆ; ಆದರೆ ಕೆಂಪು ಬಣ್ಣವು ಒಂದೊಂದು ಪರದೆಯಲ್ಲಿ ಒಂದೊಂದು ಕೆಂಪಾಗಿ ತೋರುತ್ತದೆ, ಕಾಗದದ ದಪ್ಪವನ್ನು ಬೆರಳುಗಳ ನಡುವೆ ಉಜ್ಜಿ ನೋಡದೆ ಹೇಳಲಾಗದು.

ಇಷ್ಟೆಲ್ಲ ಲಾಭನಷ್ಟದ ಲೆಕ್ಕವಾಯಿತು. ಋಣದ ಪ್ರಶ್ನೆಯು ಏಳುವುದು ನೋಯಿಸುವ ಮಾತನ್ನು ಆಡಬೇಕಾದಾಗ. 2021ರ ಡಿಸೆಂಬರಿನಲ್ಲಿ ಅಮೆರಿಕದ ಗೃಹಸಾಲದ ಸಂಸ್ಥೆಯೊಂದರ ಮುಖ್ಯಸ್ಥನು, ಭಾರತದಲ್ಲಿದ್ದವರೂ ಸೇರಿ ಸುಮಾರು 900 ಮಂದಿ ನೌಕರರನ್ನು ಕೆಲವೇ ನಿಮಿಷಗಳ ಒಂದು ವೀಡಿಯೊ ಸಭೆಯಲ್ಲಿ ಕೆಲಸದಿಂದ ತೆಗೆದನು. ಲೋಕವೆಲ್ಲ ಛೀ ಎಂದಮೇಲೆ ಕ್ಷಮೆ ಕೇಳಿದನು. ವ್ಯಾಪಾರ ಕುಗ್ಗಿದಾಗ ಜನರನ್ನು ತೆಗೆಯಬೇಕಾಗಿ ಬರುವುದು ಹೊಸತಲ್ಲ. ಜನರು ಹೇಸಿದುದು ತೆಗೆದುದಕ್ಕಿಂತ ತೆಗೆದ ರೀತಿಗೆ. ಅಲ್ಲಿ ಒಬ್ಬನಿಗೂ ಎದುರು ಮಾತನಾಡುವ ಎಡೆ ಇರಲಿಲ್ಲ. ನೋಯಿಸುವವನು ನೋವನ್ನು ಕಾಣಬೇಕೆಂಬುದು ಶಿಕ್ಷೆಯಲ್ಲ. ನೋವುಂಟುಮಾಡುವ ಅಧಿಕಾರಕ್ಕೆ ತಗಲಿದ ಬಾಡಿಗೆ ಅದು. ಪರದೆಯು ಆ ಬಾಡಿಗೆಯನ್ನು ಮಾಫಿ ಮಾಡುತ್ತದೆ. ಅದರ ದೊಡ್ಡ ಅಪಾಯವು ಇಲ್ಲಿದೆ.

ಹಾಗಾದರೆ ಸಾಗಬೇಕಾದವರು ಯಾರು? ದಿನದ ವ್ಯವಹಾರಕ್ಕೆ, ದರಕ್ಕೆ, ಲೆಕ್ಕಕ್ಕೆ ದುರ್ಬಲನನ್ನು ಊರಾಚೆಗೆ ಕರೆಸುವುದು ಅನ್ಯಾಯ; ಅದಕ್ಕೆ ಪರದೆ ಸಾಕು. ಹಸುಗೂಸಿನ ತಾಯಿಗೆ, ರೋಗಿಯ ಬಳಿ ಕುಳಿತವನಿಗೆ ಅದು ಉಪಕಾರವೂ ಹೌದು. ಆದರೆ ಸಂಬಂಧವನ್ನು ಮುರಿಯುವ ಮಾತು, ಬಾಕಿಯನ್ನು ಕೊಡಲಾರೆನೆಂಬ ಮಾತು, ತಪ್ಪನ್ನೊಪ್ಪುವ ಮಾತು ಇವುಗಳನ್ನು ಆಡುವವನೇ ಹೊತ್ತುಕೊಂಡು ಹೋಗಬೇಕು. ಅವನು ಎಷ್ಟು ದೊಡ್ಡವನಾದರೆ ಹೋಗಬೇಕಾದ ಹೊಣೆಯೂ ಅಷ್ಟು ದೊಡ್ಡದು.

ಬನಶಂಕರಿಯ ಮುದ್ರಣಾಲಯದವನಿಗೂ ಅಂಥ ಒಂದು ದಿನ ಬರಬಹುದು: ಕಂಪೆನಿಯು ಕೈಪಿಡಿಗಳನ್ನು ಅಚ್ಚುಮಾಡಿಸುವುದನ್ನೇ ನಿಲ್ಲಿಸಬಹುದು. ಅದನ್ನು ಕ್ಯಾಮರಾ ಮುಚ್ಚಿದ ಚೌಕದಿಂದ ಎರಡು ನಿಮಿಷದಲ್ಲಿ ತಿಳಿಸುವುದು ಸುಲಭ. ದೂರದ ನೆಪವನ್ನು ಹೇಳುವುದು ಮಾತ್ರ ಈಗ ಕಷ್ಟ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರುಗಳಷ್ಟು ಉದ್ದದ ಮೆಟ್ರೋ ಹಳದಿ ಮಾರ್ಗವು 2025ರ ಆಗಸ್ಟಿನಲ್ಲಿ ತೆರೆದಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹತ್ತಿದ ಅಧಿಕಾರಿಯು ಸಿಲ್ಕ್ ಬೋರ್ಡನ್ನು ಮೇಲಿನಿಂದಲೇ ದಾಟಿ, ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಿಸಿದರೆ ಮುಂದಿನ ನಿಲ್ದಾಣವೇ ಬನಶಂಕರಿ. ಮುದ್ರಣಾಲಯದಲ್ಲಿ ಬಂದವರಿಗೆಂದು ಕುರ್ಚಿ ಒಂದೇ ಇದ್ದೀತು. ಯಜಮಾನನು ಅದರ ಮೇಲಿನ ಕಾಗದದ ಚೂರುಗಳನ್ನು ಒರಸಿ ಕುಳ್ಳಿರಿಸುತ್ತಾನೆ, ಕಾಫಿ ತರಿಸುತ್ತಾನೆ. ಆ ಕುರ್ಚಿಯಲ್ಲಿ ಕುಳಿತು, ಯಂತ್ರದ ಬಳಿ ನಿಂತ ಇಬ್ಬರು ಕೆಲಸಗಾರರನ್ನು ಕಂಡಮೇಲೆ, ಹೇಳಬೇಕಾದುದನ್ನು ಹೇಳುವುದು ಬಂದವನಿಗೆ ಕಷ್ಟವಾಗುತ್ತದೆ. ಹೇಳಿದಮೇಲೂ ಎದ್ದು ಹೊರಡಲಾಗದು. ಹಳೆಯ ಬಾಕಿಯ ಮಾತು ಬರುತ್ತದೆ, ಮುಂದಿನ ಆರ್ಡರಿಗೆಂದು ಕೊಂಡು ಅಟ್ಟದ ಮೇಲೆ ಜೋಡಿಸಿಟ್ಟ ಕಾಗದದ ಮಾತು ಬರುತ್ತದೆ. ಇನ್ನೆರಡು ತಿಂಗಳ ಕಾಲಾವಕಾಶವನ್ನು ಕೇಳುವ ಧೈರ್ಯವೂ ಯಜಮಾನನಿಗೆ ಬಂದೀತು.