ಕಲಾವಿದನ ಋಣ

ಜನರ ಮೆಚ್ಚಿಕೆಯಿಂದ ಬೆಳೆದ ಕಲಾವಿದನು ಅವರು ಮೆಚ್ಚಿದುದನ್ನೇ ಕೊಡುತ್ತಿರಬೇಕೆ, ಅಥವಾ ತನ್ನ ಅಂತಃಪ್ರೇರಣೆ ಕರೆದತ್ತ ನಡೆಯಬಹುದೆ? ಅನ್ನವಿತ್ತವರ ಋಣವನ್ನು ತೀರಿಸಬೇಕೆಂಬುದು ಲೋಕಧರ್ಮ. ಮನಸ್ಸೊಪ್ಪದುದನ್ನು ಹಾಡಬಾರದೆಂಬುದು ಕಲಾಧರ್ಮ. ಎರಡೂ ಧರ್ಮಗಳೇ ಆದುದರಿಂದ ಇವುಗಳ ನಡುವಣ ವಿರೋಧವು ಕ್ಲೇಶಕರವಾದುದು. ಇದನ್ನು ಬರಿಯ ತರ್ಕದಿಂದ ಬಿಡಿಸಲೆಳಸುವುದಕ್ಕಿಂತ ಒಂದು ನಿದರ್ಶನವನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಮೇಲು. ಇಂಗ್ಲೆಂಡಿನ ‘ಟಾಕ್ ಟಾಕ್’ ಎಂಬ ವಾದ್ಯಗೋಷ್ಠಿಯ ಚರಿತ್ರೆ ಅಂತಹದೊಂದು ನಿದರ್ಶನ.

1970ರ ದಶಕದ ಕೊನೆಯ ವರ್ಷಗಳಲ್ಲಿ ಆ ದೇಶದ ಜನಪ್ರಿಯ ಸಂಗೀತದಲ್ಲಿ ‘ನ್ಯೂ ವೇವ್’, ಎಂದರೆ ಹೊಸ ಅಲೆ, ಎಂಬ ಪಂಥವೊಂದು ತಲೆದೋರಿತು. ಅದರ ಒಂದು ಶಾಖೆಯವರು ಸಿಂಥಸೈಸರ್ ಎಂಬ ವಿದ್ಯುದ್ವಾದ್ಯದ ನುಣುಪಾದ ನಾದವನ್ನೂ ಕುಣಿತಕ್ಕೊದಗುವ ಲಯವನ್ನೂ ಬಹುವಾಗಿ ಆಶ್ರಯಿಸಿದರು. 1981ರಲ್ಲಿ ಲಂಡನ್ನಿನಲ್ಲಿ ಕೂಡಿದ ಟಾಕ್ ಟಾಕ್ ಈ ಶಾಖೆಗೆ ಸೇರಿದುದು. ಮಾರ್ಕ್ ಹಾಲಿಸ್ ಇದರ ಗಾಯಕ. ಲೀ ಹ್ಯಾರಿಸ್, ಪಾಲ್ ವೆಬ್, ಸೈಮನ್ ಬ್ರೆನ್ನರ್ ಎಂಬುವರು ಸಂಗಡಿಗರು. 1982ರಲ್ಲಿ ಇ.ಎಂ.ಐ. ಸಂಸ್ಥೆಯವರು ಇವರ ಮೊದಲನೆಯ ಧ್ವನಿಮುದ್ರಿಕೆಯನ್ನು ಹೊರತಂದರು. ಮುಂದೆ ಬ್ರೆನ್ನರ್ ಬಿಟ್ಟುಹೋಗಲು, ಟಿಮ್ ಫ್ರೀಸ್-ಗ್ರೀನ್ ಎಂಬಾತನು ಹಾಲಿಸನಿಗೆ ಸಹರಚಕನಾಗಿ ಒದಗಿದನು. 1984ರ ‘ಇಟ್ಸ್ ಮೈ ಲೈಫ್’ ಯುರೋಪ್ ಖಂಡದಲ್ಲಿ ಜನಾದರವನ್ನು ಪಡೆಯಿತು. 1986ರ ‘ದಿ ಕಲರ್ ಆಫ್ ಸ್ಪ್ರಿಂಗ್’ ಎಂಬುದರಲ್ಲಿ ಸಿಂಥಸೈಸರ್ ಹಿಂದೆ ಸರಿದು ಪಿಯಾನೊ, ಆರ್ಗನ್, ಗಿಟಾರುಗಳು ಮುಂದೆ ಬಂದುವು. ಹಿಂದಿನವುಗಳಿಗಿಂತ ಇದು ಹೆಚ್ಚಿನ ಯಶಸ್ಸನ್ನೂ ಗಳಿಸಿತು.

ಇಲ್ಲಿಗೆ ದಾರಿ ತಿರುಗಿತು. 1986ರ ಬಳಿಕ ಈ ಗೋಷ್ಠಿ ಮತ್ತೆ ರಂಗವನ್ನೇರಲಿಲ್ಲ. ಯಶಸ್ಸಿನಿಂದ ಸಂತುಷ್ಟರಾದ ಸಂಸ್ಥೆಯವರು ಹಣಕ್ಕೂ ಕಾಲಕ್ಕೂ ಮಿತಿಯಿಡದೆ ಮುಂದಿನ ಕೆಲಸಕ್ಕೆ ಅನುವುಮಾಡಿಕೊಟ್ಟರು. ಲಂಡನ್ನಿನ ವೆಸೆಕ್ಸ್ ಎಂಬ ಮುದ್ರಣಶಾಲೆಯಲ್ಲಿ, ದೀಪಗಳನ್ನು ತಗ್ಗಿಸಿ, ತಿಂಗಳುಗಟ್ಟಲೆ ಸಾಧನೆ ನಡೆಯಿತು. ವಾದಕರನೇಕರನ್ನು ಕರೆಯಿಸಿ, ಮನಸ್ಸಿಗೆ ತೋರಿದಂತೆ ನುಡಿಸಹೇಳಿ, ಅದರಲ್ಲಿ ಬಹುಭಾಗವನ್ನು ಅಳಿಸಿ, ಉಳಿದ ತುಣುಕುಗಳನ್ನು ಹೆಣೆದರು. ಹೀಗೆ 1988ರಲ್ಲಿ ‘ಸ್ಪಿರಿಟ್ ಆಫ್ ಈಡನ್’ ಹುಟ್ಟಿತು. ಅದರಲ್ಲಿರುವುವು ಆರೇ ರಚನೆಗಳು. ಮೊದಲಿನ ಮೂರು ಒಂದೇ ಪ್ರವಾಹವಾಗಿ ಸಾಗುತ್ತವೆ. ಅಲ್ಲಿ ಕುಣಿಸುವ ಲಯವಿಲ್ಲ. ಮೌನವೂ ಒಂದು ವಾದ್ಯವೋ ಎಂಬಂತೆ ಸ್ವರಗಳ ನಡುವೆ ನಿಂತಿದೆ. ಸಂಸ್ಥೆಗೂ ಗೋಷ್ಠಿಗೂ ಒಪ್ಪಂದದ ವಿಷಯದಲ್ಲಿ ವ್ಯಾಜ್ಯ ಬೆಳೆದು ನ್ಯಾಯಸ್ಥಾನವನ್ನು ಮುಟ್ಟಿತು, ಸಂಬಂಧ ಹರಿಯಿತು. 1991ರಲ್ಲಿ ಬೇರೊಂದು ಸಂಸ್ಥೆಯ ಮೂಲಕ ‘ಲಾಫಿಂಗ್ ಸ್ಟಾಕ್’ ಬಂದಿತು. ಗೋಷ್ಠಿಯ ಕೊನೆಯ ಕೃತಿ ಅದೇ. ಹಾಲಿಸನು 1998ರಲ್ಲಿ ತನ್ನ ಹೆಸರಿನದೇ ಒಂದು ಮುದ್ರಿಕೆಯನ್ನಿತ್ತು, ಕ್ರಮೇಣ ಲೋಕದ ಕಣ್ಣಿಂದ ಮರೆಯಾಗಿ, 2019ರಲ್ಲಿ ತೀರಿಕೊಂಡನು.

ಈತನ ನಡತೆಯನ್ನು ಆಕ್ಷೇಪಿಸುವವರ ಮಾತು ಹಗುರವಾದುದಲ್ಲ. ಆ ಏಕಾಂತಕ್ಕೆ, ಆ ದೀರ್ಘಕಾಲದ ಪ್ರಯೋಗಕ್ಕೆ ಹಣವೆಲ್ಲಿಂದ ಬಂದಿತು? ಹಳೆಯ ಹಾಡುಗಳನ್ನು ಕೊಂಡ ಜನರಿಂದಲೇ ಅಲ್ಲವೆ? ಅವರ ಒಲವಿನಿಂದ ದೊರೆತ ಸ್ವಾತಂತ್ರ್ಯವನ್ನು ಅವರಿಗೆ ಬೆನ್ನುಮಾಡುವುದಕ್ಕೆ ಬಳಸಿದರೆ ಕೃತಘ್ನತೆಯಾಗದೆ?

ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಋಣಗಳನ್ನು ಬೇರೆಬೇರೆಯಾಗಿ ಎಣಿಸಬೇಕು. ಸಂಸ್ಥೆಯ ಋಣವು ಕಾಗದದ ಮೇಲಿನದು. ಅದರ ನಿರ್ಣಯಕ್ಕೆ ನ್ಯಾಯಸ್ಥಾನವಿದೆ. ರಸಿಕರ ಋಣವನ್ನು ಬರೆದಿಟ್ಟ ಪತ್ರವಿಲ್ಲ. ಹಾಲಿಸನ ಕಂಠದಲ್ಲಿದ್ದ ಆರ್ತತೆಗೆ ಮನಸೋತವರು ಅದು ನಿಜವೆಂದು ನಂಬಿಯೇ ಸೋತರು. ಆ ಭಾವ ಬತ್ತಿದಮೇಲೂ ಅದೇ ದನಿಯನ್ನು ಅನುಕರಿಸಿ ಹಾಡಿದ್ದರೆ ಅವರ ಕೈಗೆ ಸವಕಲು ನಾಣ್ಯವನ್ನಿತ್ತಂತಾಗುತ್ತಿತ್ತು. ಗ್ರಾಹಕನು ಕೇಳಿದ ಸರಕನ್ನು ಕೊಡುವುದು ವರ್ತಕನ ಪ್ರಾಮಾಣಿಕತೆ; ತಾನು ಕಂಡುದನ್ನು ಕೊಡುವುದು ಕಲಾವಿದನ ಪ್ರಾಮಾಣಿಕತೆ. ಕೇಳುವವನನ್ನು ಸಹೃದಯನೆಂದು ಕರೆದ ಹಿರಿಯರು ಅವನನ್ನು ಸಾಲಗಾರನ ಬಾಗಿಲಲ್ಲಿ ನಿಂತ ಧನಿಕನಂತೆ ಭಾವಿಸಲಿಲ್ಲ.

ಆದರೆ ಈ ಸ್ವಾತಂತ್ರ್ಯಕ್ಕೂ ಒಂದು ಕಟ್ಟುಪಾಡುಂಟು. ತನ್ನ ಹಾದಿಯನ್ನು ಹಿಡಿದವನು ಹಳೆಯ ಹಾದಿಯ ಫಲವನ್ನು ಬೇಡಬಾರದು. ಜನರನ್ನು ಬಿಟ್ಟುಹೋಗಿ, ಅವರ ಜಯಘೋಷವಿಲ್ಲವೆಂದು ಹಲುಬಬಾರದು. ಗೋಷ್ಠಿಯನ್ನು ಮತ್ತೆ ಕೂಡಿಸಿ, ಪೂರ್ವದ ಕೀರ್ತಿಯನ್ನು ಮಾರಿಕೊಳ್ಳಲು ಹಾಲಿಸನು ಹೊರಡಲಿಲ್ಲ. ತಾನು ಆರಿಸಿಕೊಂಡುದರ ಬೆಲೆಯನ್ನು ತಾನೇ ತೆತ್ತನು. ಮುಂದೆ ಪೋಸ್ಟ್-ರಾಕ್ ಎಂಬ ಸಂಪ್ರದಾಯದವರು ಅವನ ಕೊನೆಯ ಕೃತಿಗಳನ್ನು ಮೂಲವೆಂದು ಗೌರವಿಸಿದರು. ಈ ಗೌರವವು ಬರದೆ ಹೋಗಿದ್ದರೂ ಅವನ ನಡೆಯ ಯೋಗ್ಯತೆ ಕುಂದುತ್ತಿರಲಿಲ್ಲ; ಫಲದಿಂದ ಧರ್ಮವನ್ನು ಅಳೆಯುವುದು ತರವಲ್ಲ.

1984ರ ಹಾಡಿನಂತಹ ಮತ್ತೊಂದು ಹಾಡಿಗಾಗಿ ಕಾದು ನಿರಾಶನಾದವನ ನಷ್ಟವು ನಿಜವಾದುದೇ. ಅವನನ್ನು ಅರಸಿಕನೆಂದು ಜರೆಯುವುದು ಅನ್ಯಾಯ. ಆದರೆ ಅವನಿಗೆ ಮೊದಲು ಕೊಟ್ಟುದನ್ನು ಯಾರೂ ಮರಳಿ ಕಿತ್ತುಕೊಳ್ಳಲಿಲ್ಲ. ‘ಇಟ್ಸ್ ಮೈ ಲೈಫ್’ ಹಾಡನ್ನು 2003ರಲ್ಲಿ ಅಮೆರಿಕೆಯ ‘ನೋ ಡೌಟ್’ ಗೋಷ್ಠಿಯವರು ಮತ್ತೆ ಹಾಡಿದಾಗ ಹೊಸ ತಲೆಮಾರಿನವರು ಅದಕ್ಕೆ ಮನಸೋತರು. ಹಾಡು ಜನರಲ್ಲಿ ಉಳಿಯಿತು; ಹಾಡಿದವನು ತನ್ನ ಮೌನದಲ್ಲಿ ಉಳಿದನು. ಒಬ್ಬರ ಪಾಲನ್ನು ಮತ್ತೊಬ್ಬರು ಅಪಹರಿಸಲಿಲ್ಲ.