ಆರೋಗ್ಯವುಳ್ಳ ಶರೀರಕ್ಕೆ ಶಸ್ತ್ರ ಹಾಕಬಹುದೋ?

ಹುಣ್ಣನ್ನು ಕೊಯ್ಯುವ ವೈದ್ಯನನ್ನು ಯಾರೂ ದೂಷಿಸುವದಿಲ್ಲ. ಕೊಳೆತ ಬೆರಳನ್ನು ತೆಗೆದು ಕೈಯನ್ನು ಉಳಿಸಿದವನಿಗೆ ಮನೆಯವರೆಲ್ಲರೂ ಉಪಕಾರಸ್ಮರಣೆ ಮಾಡುತ್ತಾರೆ. ಆದರೆ ನೋವಾಗಲಿ ರೋಗವಾಗಲಿ ಇಲ್ಲದ ಅವಯವಕ್ಕೆ, ಅದು ನೋಡುವವರ ಕಣ್ಣಿಗೆ ದಪ್ಪವಾಗಿ ತೋರುತ್ತದೆಂಬ ಒಂದೇ ಕಾರಣದಿಂದ ಶಸ್ತ್ರ ಹಾಕಬಹುದೋ? ಲೈಪೋಸಕ್ಷನ್ ಎಂಬ ಕೊಬ್ಬು ಹೀರುವ ಶಸ್ತ್ರಕ್ರಿಯೆಯ ಜಾಹೀರಾತುಗಳು ಫೋನಿನ ಮೂಲಕ ಈಗ ಹಳ್ಳಿಯ ಮನೆಗಳಿಗೂ ಬರುತ್ತಿರುವದರಿಂದ ಈ ಪ್ರಶ್ನೆಯನ್ನು ವಿಚಾರಿಸುವದು ಅಕಾಲವಲ್ಲ.

ಮೊದಲು ಆ ಕ್ರಿಯೆ ಏನೆಂಬದನ್ನು ತಿಳಿಯೋಣ. ಚರ್ಮದ ಕೆಳಗೆ, ಸ್ನಾಯುಗಳ ಮೇಲೆ, ಕೊಬ್ಬಿನ ಪದರವೊಂದುಂಟು. ವೈದ್ಯರು ಹೊಟ್ಟೆಯಲ್ಲಾಗಲಿ ತೊಡೆಯಲ್ಲಾಗಲಿ ಸಣ್ಣ ರಂಧ್ರವನ್ನು ಮಾಡಿ, ನೋವು ತಿಳಿಯದಂತೆ ಮಾಡುವ ಔಷಧವನ್ನೂ ರಕ್ತನಾಳಗಳನ್ನು ಬಿಗಿಸುವ ಔಷಧವನ್ನೂ ಉಪ್ಪುನೀರಿನಲ್ಲಿ ಕೂಡಿಸಿ ಒಳಗೆ ತುಂಬಿಸುತ್ತಾರೆ. ಅನಂತರ ಮೊಂಡು ತುದಿಯುಳ್ಳ ಕೊಳವೆಯನ್ನು ತೂರಿಸಿ, ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾ ಕೊಬ್ಬನ್ನು ಹೀರಿ ತೆಗೆಯುತ್ತಾರೆ. 1970ರ ದಶಕದಲ್ಲಿ ರೋಮ್ ಪಟ್ಟಣದ ಫಿಶರ್ ಎಂಬ ತಂದೆಮಕ್ಕಳು ಇದನ್ನು ಆರಂಭಿಸಿದರು. ಪ್ಯಾರಿಸ್ಸಿನ ಇಲ್ಲೂಜ್ ಎಂಬ ವೈದ್ಯನು ಮೊಂಡು ಕೊಳವೆಯನ್ನು ರೂಢಿಗೆ ತಂದನು. 1980ರ ದಶಕದಲ್ಲಿ ಅಮೆರಿಕದ ಜೆಫ್ರಿ ಕ್ಲೈನನು ಔಷಧದ ನೀರನ್ನು ಬಹಳವಾಗಿ ತುಂಬಿಸುವ ಕ್ರಮವನ್ನು ಕಂಡುಹಿಡಿದದ್ದರಿಂದ ರಕ್ತನಷ್ಟವು ಎಷ್ಟೋ ಕಡಿಮೆಯಾಯಿತು.

ಇದು ಸ್ಥೂಲಕಾಯಕ್ಕೆ ಚಿಕಿತ್ಸೆಯೆಂದು ಅನೇಕರು ಎಣಿಸುತ್ತಾರೆ. ಹಾಗಲ್ಲ. ಕರುಳು, ಪಿತ್ತಕೋಶಗಳ ಸುತ್ತಲೂ ಸೇರಿ ಹೆಚ್ಚು ಕೇಡು ಮಾಡುವ ಒಳಗಣ ಕೊಬ್ಬಿಗೆ ಆ ಕೊಳವೆಯು ಮುಟ್ಟುವದೇ ಇಲ್ಲ. ಅಮೆರಿಕದಲ್ಲಿ 15 ಮಂದಿ ಸ್ಥೂಲ ಸ್ತ್ರೀಯರಿಂದ ಒಬ್ಬೊಬ್ಬರಿಗೆ ಸುಮಾರು 10 ಕಿಲೋ ಕೊಬ್ಬನ್ನು ತೆಗೆದು, ಎರಡು ಮೂರು ತಿಂಗಳ ಮೇಲೆ ಪರೀಕ್ಷಿಸಿದ ವೈದ್ಯರು 2004ರಲ್ಲಿ ಪ್ರಕಟಿಸಿದ್ದೇನಂದರೆ, ರಕ್ತದ ಒತ್ತಡದಲ್ಲಿಯೂ ಸಕ್ಕರೆಯಲ್ಲಿಯೂ ಯಾವ ಸುಧಾರಣೆಯೂ ಕಾಣಲಿಲ್ಲ. ಹೀಗಿರಲಾಗಿ ಇದರ ಫಲವು ಬಹುಮಟ್ಟಿಗೆ ಆಕಾರಕ್ಕೆ ಸಂಬಂಧಪಟ್ಟದ್ದು. ಇದಕ್ಕೆ ಒಂದು ಹೊರತುಂಟು. ಲಿಪಿಡೀಮ ಎಂಬ ವ್ಯಾಧಿಯಲ್ಲಿ ಕಾಲುಗಳ ಕೊಬ್ಬು ಊದಿ ಬಹು ನೋವನ್ನುಂಟುಮಾಡುವದು. ಅಂಥವರಿಗೆ ಇದೇ ಕೊಳವೆಯು ಔಷಧವಾಗುತ್ತದೆ.

ನಮ್ಮ ಪ್ರಶ್ನೆಯು ಈ ಕೊಳವೆಗಿಂತ ಹಳೆಯದು. 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಒಬ್ಬ ತರುಣಿಯು ತನ್ನ ಕಾಲುಗಳು ದಪ್ಪವೆಂದು ಬಹಳವಾಗಿ ಕೊರಗಿ, ದ್ಯುಜಾರ್ಯೆ ಎಂಬ ಹೆಸರುವಾಸಿಯಾದ ಶಸ್ತ್ರವೈದ್ಯನ ಬಳಿಗೆ ಹೋದಳು. ಅವನು ಕೊಬ್ಬನ್ನು ತೆಗೆದನು. ಕಾಲು ಕೊಳೆಯಲಾರಂಭಿಸಿತು, ಕಡೆಗೆ ಅದನ್ನು ಕತ್ತರಿಸಿ ತೆಗೆಯಬೇಕಾಯಿತು. 1929ರಲ್ಲಿ ನ್ಯಾಯಾಧಿಪತಿಗಳು ಕೊಟ್ಟ ತೀರ್ಪಿನ ತಾತ್ಪರ್ಯವೇನಂದರೆ, ಆರೋಗ್ಯವುಳ್ಳ ಅವಯವಕ್ಕೆ ಅಂದಕ್ಕೋಸ್ಕರವೇ ಅಪಾಯಕರವಾದ ಶಸ್ತ್ರಕ್ರಿಯೆಯನ್ನು ಮಾಡುವದೇ ತಪ್ಪು. ವೈದ್ಯನ ಕೈ ಎಷ್ಟು ಕುಶಲವಾಗಿದ್ದರೂ ಸರಿಯೇ. ವೈದ್ಯರು ಗದ್ದಲವೆಬ್ಬಿಸಿದರು. 1931ರಲ್ಲಿ ಮೇಲಣ ನ್ಯಾಯಾಲಯವು ವೈದ್ಯನ ಹೊಣೆಯನ್ನು ಎತ್ತಿಹಿಡಿದರೂ ಅಂಥ ಕ್ರಿಯೆಯೆಲ್ಲವೂ ತನ್ನಷ್ಟಕ್ಕೆ ತಪ್ಪೆಂಬ ಮಾತನ್ನು ಒಪ್ಪಲಿಲ್ಲ.

ಮೊದಲಿನ ತೀರ್ಪು ಕಠಿಣವೆಂದೇ ನಮ್ಮ ಅಭಿಪ್ರಾಯ. ಬೆಂಕಿಯಿಂದ ಮುಖವು ವಿಕಾರವಾಗಿ ಸಂತೆಗೆ ಹೋಗಲು ನಾಚುವ ಹುಡುಗಿಗೆ ಶಸ್ತ್ರವೈದ್ಯನು ಮಾಡುವ ಸಹಾಯವು ಅಂದಕ್ಕೋಸ್ಕರವೇ ಅಲ್ಲವೋ? ಅದನ್ನು ತಪ್ಪೆನ್ನುವ ಎದೆ ಯಾರಿಗುಂಟು? ಮನಸ್ಸಿನ ನೋವೂ ನೋವೇ. ಆದರೂ ಆ ನ್ಯಾಯಾಧಿಪತಿಗಳು ಮುಟ್ಟಿದ ಸ್ಥಳವು ಸರಿಯಾದದ್ದು. ರೋಗಿಯು ಅಪಾಯಕ್ಕೆ ಒಡ್ಡಿಕೊಳ್ಳುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಅವನ ರೋಗವಿರುತ್ತದೆ. ಆರೋಗ್ಯವುಳ್ಳವನ ತಟ್ಟೆಯಲ್ಲಿ ಏನಿದೆ?

“ಅವಳೇ ಒಪ್ಪಿದಳಲ್ಲಾ” ಎಂದು ಕೆಲವರು ಉತ್ತರ ಕೊಡುವರು. ಒಪ್ಪಿಗೆಯು ದೊಡ್ಡದೇ, ಆದರೆ ಅದು ಎಲ್ಲಿ ಹುಟ್ಟಿತೆಂದು ನೋಡಬೇಕು. ಹೆಣ್ಣು ನೋಡಲು ಬಂದವರು ಕಾಫಿ ಕುಡಿದು, ಹುಡುಗಿ ಸ್ವಲ್ಪ ದಪ್ಪವೆಂದು ಹೇಳಿ ಕಳುಹಿಸುವದು ನಮ್ಮ ನಾಡಿನಲ್ಲಿ ಎಲ್ಲರೂ ಬಲ್ಲ ಸಂಗತಿ. ಅತ್ತಿಗೆಯ ಕುಚೋದ್ಯ, ಶಾಲೆಯಲ್ಲಿಟ್ಟ ಅಡ್ಡಹೆಸರು, ಮದುವೆಯ ಮನೆಯಲ್ಲಿ ನೆಂಟರು ನಗುತ್ತಾ ಆಡುವ ಮಾತು, ಇವೆಲ್ಲಾ ಹತ್ತು ವರುಷ ಕೂಡಿದ ಮೇಲೆ ಅವಳು ತಾನಾಗಿ ಒಪ್ಪಿದಳೆಂದು ಹೇಳುವದು ಅರ್ಧ ಸತ್ಯ ಮಾತ್ರ. ಒಪ್ಪಿಗೆಯ ಕಾಗದದಲ್ಲಿ ಅವಳ ರುಜುವಿಗೆ ಸ್ಥಳವುಂಟು, ಸಾಕ್ಷಿಯ ರುಜುವಿಗೂ ಉಂಟು. ಅಡ್ಡಹೆಸರಿಟ್ಟವರ ರುಜುವನ್ನು ಯಾರೂ ಕೇಳುವದಿಲ್ಲ. ಇಂಥವಳನ್ನು ಡಾಂಭಿಕಳೆಂದು ಜರೆಯುವವರು ಸಹ ಅನೇಕವೇಳೆ ಅದೇ ನೆಂಟರೇ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರುಷದ ಒಬ್ಬ ಕಿರುತೆರೆಯ ನಟಿಯು ಕೊಬ್ಬು ತೆಗೆಯುವ ಶಸ್ತ್ರಕ್ರಿಯೆಯ ನಂತರ ತೀರಿಕೊಂಡರು. ತಂದೆತಾಯಿಗಳಿಗೆ ಮುಂಚಿತವಾಗಿ ತಿಳಿದಿರಲಿಲ್ಲವೆಂದು ವರ್ತಮಾನಪತ್ರಗಳು ಬರೆದವು. ಅವರು ಯಾಕೆ ಹೋದರೆಂದು ಊಹಿಸುವದು ನಮಗೆ ತಕ್ಕದ್ದಲ್ಲ. ಆದರೆ ಮಗಳೊಬ್ಬಳು ಇಂಥಾ ವಿಚಾರವನ್ನು ಮನೆಯಲ್ಲಿ ಹೇಳಿದರೆ ನಗೆಯಾಗಲಿ ಬೈಗಳಾಗಲಿ ಸಿಕ್ಕುವದೆಂದು ತಿಳಿದರೆ, ಅವಳು ಹೇಳದೆ ಹೋಗುವಳು. ಕೇಳುವ ಕಿವಿಯಿದ್ದ ಮನೆಯಲ್ಲಿ, ಮೊದಲು ಇದನ್ನು ನಿನಗೆ ಯಾರು ಹೇಳಿದರು ಎಂದು ಮೆಲ್ಲಗೆ ವಿಚಾರಿಸಬಹುದು. ಆರು ತಿಂಗಳು ತಾಳೆಂದು ಬೇಡಿಕೊಳ್ಳಬಹುದು. ಆಗಲೂ ಅವಳ ಮನಸ್ಸು ಬದಲಾಗದಿದ್ದರೆ, ವಯಸ್ಸಿಗೆ ಬಂದವಳ ಶರೀರವು ಅವಳದೇ. ಅವಳನ್ನು ಒಬ್ಬಂಟಿಗಳಾಗಿ ಕಳುಹಿಸಬಾರದು.

ಜೊತೆಗೆ ಹೋದವರು ಕೇಳತಕ್ಕವುಗಳಿವು: ಶಸ್ತ್ರ ಹಿಡಿಯುವವನು ಪ್ಲಾಸ್ಟಿಕ್ ಶಸ್ತ್ರವೈದ್ಯದಲ್ಲಿ ತರಬೇತಾದವನೋ? ಅರಿವಳಿಕೆಯ ವೈದ್ಯನು ಕಡೆಯ ವರೆಗೂ ಬಳಿಯಲ್ಲಿರುವನೋ? ಉಸಿರು ನಿಂತರೆ ಉಳಿಸುವ ತುರ್ತು ಸಾಧನಗಳು ಅದೇ ಕಟ್ಟಡದಲ್ಲಿ ಉಂಟೋ? ಎಷ್ಟು ಹೀರುವರು? 5 ಲೀಟರಿಗಿಂತ ಹೆಚ್ಚಾದರೆ ಅಪಾಯವೂ ಹೆಚ್ಚು. ಆ ರಾತ್ರಿ ಆಸ್ಪತ್ರೆಯಲ್ಲೇ ಕಾವಲಿನಲ್ಲಿರಬೇಕು. ಮನೆಗೆ ಬಂದ ಮೇಲೆ ಒಂದು ಕಾಲು ಊದಿಕೊಂಡರೂ, ಎದೆ ನೊಂದು ಉಸಿರು ಕಟ್ಟಿದರೂ, ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶಕ್ಕೆ ಹೋಗಿರಬಹುದು. ಆಗ ಬೆಳಗಾಗಲೆಂದು ಕಾಯದೆ, ಶಸ್ತ್ರಕ್ರಿಯೆಯಾದದ್ದನ್ನು ಮರೆಮಾಡದೆ, ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.