"ಹೋಗು" ಅಂದ್ರೂ ಹೋಗದವರು

ನಾವು ವಿಧೇಯತೆ ಬಗ್ಗೆ ತುಂಬಾ ಮಾತಾಡ್ತೀವಿ. ಅದು ಒಳ್ಳೆಯದೇ. ಆದರೆ ಇವತ್ತು ಒಂದು ಪ್ರಶ್ನೆ: ಅಧಿಕಾರ ಇರುವವರು "ಹೋಗು" ಅಂದಾಗ "ಈಗ ಹೋಗಲ್ಲ" ಅನ್ನೋದು ಅವಿಧೇಯತೆಯಾ?

1999ರ ಡಿಸೆಂಬರ್ 6, ರಾತ್ರಿ. ಅಮೆರಿಕದ ಪ್ರಾವಿಡೆನ್ಸ್ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಟವರ್‌ನಲ್ಲಿದ್ದವರಿಗೆ ರನ್‌ವೇ ಕಾಣಿಸುತ್ತಿರಲಿಲ್ಲ. ನೆಲದ ಮೇಲಿರುವ ವಿಮಾನಗಳನ್ನು ತೋರಿಸುವ ರಾಡಾರ್ ಕೂಡ ಅಲ್ಲಿರಲಿಲ್ಲ. ಪೈಲಟ್‌ಗಳ ಮಾತೇ ಕಂಟ್ರೋಲರ್‌ಗೆ ಕಣ್ಣು.

ಆಗಷ್ಟೇ ಇಳಿದಿದ್ದ ಯುನೈಟೆಡ್ 1448 ಗೇಟಿಗೆ ಹೋಗುವಾಗ ತಪ್ಪು ಟ್ಯಾಕ್ಸಿವೇಗೆ ತಿರುಗಿ, ಮತ್ತೆ ರನ್‌ವೇಗೇ ಬಂತು. ಅದೇ ಹೊತ್ತಿಗೆ ಫೆಡ್‌ಎಕ್ಸ್‌ನ ಸರಕು ವಿಮಾನ ಅದೇ ರನ್‌ವೇಯಿಂದ ಮೇಲೇರಿ ತೀರಾ ಹತ್ತಿರದಿಂದ ಹಾದುಹೋಯ್ತು. ಇಲ್ಲಿ ಯಾವುದೋ ವಿಮಾನ ಈಗಷ್ಟೇ ಹಾರಿತು ಅಂತ ಯುನೈಟೆಡ್ ಪೈಲಟ್‌ಗಳು ಹೇಳಿದರು. ಕಂಟ್ರೋಲರ್ ಒಪ್ಪಲಿಲ್ಲ. ಅವರ ಮನಸ್ಸಿನಲ್ಲಿದ್ದ ನಕ್ಷೆಯಲ್ಲಿ ಆ ವಿಮಾನ ಬೇರೆ ಕಡೆ, ಬಳಕೆಯಲ್ಲಿಲ್ಲದ ರನ್‌ವೇ ಮೇಲಿತ್ತು.

ಈಗ ಗಮನವಿಟ್ಟು ಕೇಳಿ. ಮುಂದಿನ ಸರದಿ ಮೆಟ್ರೋಜೆಟ್ 2998ರದು. ಅದಕ್ಕೆ ಟೇಕಾಫ್ ಅನುಮತಿ ಸಿಕ್ಕಿತು. ಪೈಲಟ್‌ಗಳು ನಿರಾಕರಿಸಿದರು. ಯುನೈಟೆಡ್ ಗೇಟಿಗೆ ತಲುಪುವವರೆಗೆ ನಾವು ರನ್‌ವೇಗೆ ಬರಲ್ಲ ಅಂದುಬಿಟ್ಟರು. ಆ ರಾತ್ರಿ ಯಾರೂ ಸಾಯಲಿಲ್ಲ.

"ಹಾಗಾದ್ರೆ ಎಲ್ಲರೂ ಹೀಗೇ ಹಟ ಹಿಡಿದರೆ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರತಿ ಪೈಲಟ್ಟೂ ಪ್ರತಿ ಅನುಮತಿಗೂ ತಕರಾರು ತೆಗೆದರೆ ಒಂದು ವಿಮಾನವೂ ಹಾರಲ್ಲ. ಆದರೆ ಇವರದು ಹಟ ಅಲ್ಲ. ಇವರ ಸಂಶಯಕ್ಕೆ ಆಧಾರ ಇತ್ತು: ರೇಡಿಯೊದಲ್ಲಿ ಯುನೈಟೆಡ್‌ನವರ ಗೊಂದಲವನ್ನು ತಾವೇ ಕೇಳಿಸಿಕೊಂಡಿದ್ದರು. ಅದಕ್ಕೆ ಒಂದು ಗಡಿಯೂ ಇತ್ತು: ಆ ವಿಮಾನ ಗೇಟಿಗೆ ಬರಲಿ, ನಾವು ಹೊರಡ್ತೀವಿ. ಕಾದರೆ ಹೋಗುವುದು ಸ್ವಲ್ಪ ಸಮಯ. ಕಾಯದಿದ್ದರೆ ಹೋಗಬಹುದಾಗಿದ್ದದ್ದು ಎರಡು ವಿಮಾನಗಳ ಜೀವಗಳು.

ಇನ್ನೊಂದು ಮಂಜಿನ ದಿನ ನೆನಪಿಸಿಕೊಳ್ಳಿ. 1977ರ ಮಾರ್ಚ್ 27, ಸ್ಪೇನಿನ ಟೆನೆರಿಫೆ ದ್ವೀಪ. ಕೆಎಲ್ಎಂ ವಿಮಾನ ಟೇಕಾಫ್ ಅನುಮತಿ ಇಲ್ಲದೆಯೇ ಓಡತೊಡಗಿತು. ಪ್ಯಾನ್ ಆಮ್ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಅಂತ ಫ್ಲೈಟ್ ಎಂಜಿನಿಯರ್ ಕೇಳಿದರು. ಕ್ಯಾಪ್ಟನ್ ಕಂಪನಿಯಲ್ಲೇ ಹಿರಿಯರು, ಹೆಸರುವಾಸಿ. ಬಿಟ್ಟಿದೆ ಅಂತ ದೃಢವಾಗಿ ಹೇಳಿದರು. ಪ್ರಶ್ನೆ ಅಲ್ಲಿಗೇ ನಿಂತಿತು. ವಿಮಾನ ನಿಲ್ಲಲಿಲ್ಲ. 583 ಜನ ಸತ್ತರು.

ಎರಡೂ ಕಡೆ ಸಂಶಯ ಹುಟ್ಟಿತು. ಒಂದು ಕಡೆ ಅದು ಗೌರವದ ಮುಂದೆ ಸುಮ್ಮನಾಯಿತು, ಇನ್ನೊಂದು ಕಡೆ ಗೌರವ ಬಿಡದೆಯೇ ನಿಂತಿತು. ಮೆಟ್ರೋಜೆಟ್‌ನವರು ಕಂಟ್ರೋಲರ್ ಅಧಿಕಾರವನ್ನು ಕಸಿದುಕೊಳ್ಳಲಿಲ್ಲ; ತಮ್ಮ ವಿಮಾನವನ್ನು ಕದಲಿಸಲಿಲ್ಲ, ಅಷ್ಟೇ. ವಿಧೇಯತೆ ಅಂದರೆ ನಮ್ಮ ಕಣ್ಣು ಕಿವಿಯನ್ನು ಮೇಲಿನವರ ಕೈಗೆ ಕೊಟ್ಟುಬಿಡೋದಲ್ಲ. ಮಂಜಿನಲ್ಲಿ ಮೇಲಿನವರಿಗೂ ಕಾಣಲ್ಲ. ಅವರು ಕೆಟ್ಟವರಲ್ಲ, ಅವರಿಗೆ ನಿಮ್ಮ ಕಿವಿ ಬೇಕು.

ಪ್ರಿಯರೇ, ಸೋಮವಾರ ಆಫೀಸಿನಲ್ಲಿ ಮ್ಯಾನೇಜರ್ "ಎಲ್ಲಾ ಓಕೆ, ಕಳಿಸಿಬಿಡು" ಅಂತಾರೆ. ನಿಮಗೊಂದು ತಪ್ಪು ಕಂಡಿದೆ, ಅದರ ಪೆಟ್ಟು ಬೀಳೋದು ಯಾರೋ ಗ್ರಾಹಕನ ಮೇಲೆ. "ಅನುಮತಿ ಅವರದು, ನನಗೇನು?" ಅನ್ನೋದು ಸುಲಭ. ಆದರೆ ಅನುಮತಿ ಕೊಟ್ಟವರು ಟವರ್‌ನಲ್ಲಿರ್ತಾರೆ. ಥ್ರಾಟಲ್ ಮೇಲಿರೋದು ನಿಮ್ಮ ಕೈ.

ಏನು ಕೇಳಿದಿರೋ ಅದನ್ನು ವಿನಯವಾಗಿ ಹೇಳಿ. ಏನಾದರೆ ಹೊರಡ್ತೀರಿ ಅಂತಲೂ ಹೇಳಿ. ಅಲ್ಲಿಯವರೆಗೆ ಕಾಯಿರಿ.